ಎಳೆಯರ ಕಿವಿಗೆ ಹೆಡ್‌ಫೋನ್

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳಿಂದ ಮೈಸೂರಿಗೆ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳು ಎಂಜಿನ್ನಿನ ಗದ್ದಲ ಮೀರಿಸಲು ಹೆಡ್‌ಫೋನಿನ ಸದ್ದನ್ನು ಏರಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಹುಟ್ಟಿನಿಂದ ಬರುವುದು ಸುಮಾರು 15,000 ಮಾತ್ರ. ಅತಿ ಸದ್ದಿನಿಂದ ಸತ್ತವು ಮತ್ತೆ ಹುಟ್ಟುವುದಿಲ್ಲ. ಅಜ್ಜಿ ಬಿಡುವ ಬೆಚ್ಚನೆಯ ಎಣ್ಣೆ ಅಲ್ಲಿಗೆ ತಲುಪುವುದೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ಕೇವಲ 4 ಗಂಟೆ. ಮೊಬೈಲಿನ ಸದ್ದು ಶೇ. 60 ದಾಟದಿರಲಿ. ಹೆಡ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬಹುದು. ಒಂದು ಕಿವಿ ದಿಢೀರನೆ ಕೇಳಿಸದಂತಾದರೆ ಮಾತ್ರ ಅಂದೇ ವೈದ್ಯರನ್ನು ಕಾಣಬೇಕು. ತಡವಾದಷ್ಟೂ ಚಿಕಿತ್ಸೆ ಫಲಿಸುವುದು ಕಡಿಮೆ.