ಮೇದೋಜೀರಕಾಂಗದ ಸಂಕಟಕ್ಕೆ ಮೂತ್ರದ ಸಾಕ್ಷ್ಯ

ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ನೆರೆಯ ಗೃಹಸ್ಥರೊಬ್ಬರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಹುಟ್ಟಿ ಬೆನ್ನಿಗೆ ಹರಿಯಿತು, ವಾಂತಿಯೂ ಆಯಿತು. ವಾಯುಪ್ರಕೋಪವೆಂದು ಬಗೆದು ಮೂರು ದಿನ ಮೆಣಸಿನ ಕಷಾಯ ಕುಡಿದರು. ಆ ಸಲಹೆಯಲ್ಲಿ ನಮ್ಮ ಪಾಲೂ ಇದ್ದಿತೆಂಬುದನ್ನು ನಾಚಿಕೆಯಿಂದ ಒಪ್ಪುತ್ತೇವೆ. ನಾಲ್ಕನೆಯ ದಿನ ಮಡಿಕೇರಿಗೆ ಕರೆದೊಯ್ದಾಗ ವೈದ್ಯರು ರಕ್ತದೊಡನೆ ಮೂತ್ರವನ್ನೂ ಕೇಳಿದರು. ಹೊಟ್ಟೆನೋವಿಗೂ ಮೂತ್ರಕ್ಕೂ ಏನು ಸಂಬಂಧವೆಂದು ಮನೆಯವರು ನಮ್ಮ ಮುಖ ನೋಡಿದರು.

ಜಠರದ ಹಿಂಬದಿಯಲ್ಲಿ ಅಡ್ಡಲಾಗಿರುವ ಗ್ರಂಥಿಯೇ ಮೇದೋಜೀರಕಾಂಗ. ಅನ್ನದ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವ ಅಮೈಲೇಸ್ ಎಂಬ ಪಾಚಕದ್ರವ್ಯವು ಅಲ್ಲಿಂದ ಕರುಳಿಗೆ ಇಳಿಯುತ್ತದೆ. ಲಾಲಾರಸದಲ್ಲಿಯೂ ಇದೇ ಜಾತಿಯ ದ್ರವ್ಯವಿರುವುದರಿಂದಲೇ ಅನ್ನದ ತುತ್ತನ್ನು ಬಹಳ ಹೊತ್ತು ಅಗಿದರೆ ಸಿಹಿಯೆನಿಸುವುದು. ಪಿತ್ತಕೋಶದ ಕಲ್ಲಿನಿಂದಲೋ ಮದ್ಯದ ಅತಿರೇಕದಿಂದಲೋ ಗ್ರಂಥಿಯು ಉರಿಗೊಂಡಾಗ ಈ ದ್ರವ್ಯವು ರಕ್ತಕ್ಕೆ ಸೋರಿ, ಮೂತ್ರಪಿಂಡಗಳ ಮೂಲಕ ಹೊರಬೀಳುತ್ತದೆ. ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಏರಿ, ಸಾಮಾನ್ಯವಾಗಿ 3ರಿಂದ 5 ದಿನಗಳಲ್ಲಿ ಇಳಿಯುವುದು. ಮೂತ್ರದಲ್ಲಿ ಅದಕ್ಕಿಂತ ಹೆಚ್ಚು ದಿನ ನಿಲ್ಲಬಹುದು. ಮಳೆಗೆ ಅಂಜಿ ತಡವಾಗಿ ಹೊರಟ ನಮ್ಮಂಥ ಮಲೆನಾಡಿಗರಿಗೆ ಇದು ಸಣ್ಣ ಮಾತಲ್ಲ.

ಇದನ್ನು ಅಳೆಯುವ ಸರಳೋಪಾಯವನ್ನು 1908ರಲ್ಲಿ ಜರ್ಮನಿಯ ವೋಲ್‌ಗೆಮೂಟ್ ಎಂಬ ಪಂಡಿತರು ಪ್ರಕಟಿಸಿದರು. ಗಂಜಿಗೆ ಅಯೋಡಿನ್ ಹನಿಸಿದರೆ ನೀಲಿಯಾಗುವುದನ್ನು ನಾವೇ ಶಾಲೆಯಲ್ಲಿ ಮಕ್ಕಳಿಗೆ ತೋರಿಸಿದ್ದುಂಟು. ಅವರ ಉಪಾಯದ ತಿರುಳೂ ಅದೇ. ಸಾಲುನಳಿಕೆಗಳಲ್ಲಿ ಮೂತ್ರವನ್ನು ಕ್ರಮವಾಗಿ ಕಡಿಮೆ ಮಾಡುತ್ತ ಹಾಕಿ, ಎಲ್ಲಕ್ಕೂ ಸಮನಾಗಿ ಪಿಷ್ಟದ ನೀರನ್ನು ಬೆರೆಸಿ, ಮೈಯ ಶಾಖದಲ್ಲಿ ಅರ್ಧ ಗಂಟೆ ಇಟ್ಟು, ಅನಂತರ ಅಯೋಡಿನ್ ಹಾಕುವುದು. ನೀಲಿ ಮೂಡದ ನಳಿಕೆಯಲ್ಲಿ ಪಿಷ್ಟವು ಜೀರ್ಣವಾಗಿದೆ. ತೀರ ಸ್ವಲ್ಪ ಮೂತ್ರವೂ ನೀಲಿಯನ್ನು ಅಳಿಸಿತಾದರೆ ಪಾಚಕದ್ರವ್ಯವು ಮಿತಿಮೀರಿದೆಯೆಂದು ತಿಳಿಯುವುದು. ಈಗ ಆ ಕೆಲಸವನ್ನು ಯಂತ್ರಗಳು ಮಾಡುತ್ತವೆ. 1990ರ ದಶಕದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವೈದ್ಯರು ಟ್ರಿಪ್ಸಿನೋಜನ್-2 ಎಂಬ ಬೇರೊಂದು ದ್ರವ್ಯವನ್ನು ಮೂತ್ರದಲ್ಲಿ ಅದ್ದಿದ ಪಟ್ಟಿಯಿಂದಲೇ ಸುಮಾರು 5 ನಿಮಿಷಗಳಲ್ಲಿ ಗುರುತಿಸಿ ತೋರಿಸಿದರು.

ಆದರೆ ಈ ಸಾಕ್ಷಿಯೊಂದನ್ನೇ ನಂಬಲಾಗದು. ಮಂಗನಬಾವಿನಲ್ಲಿಯೂ ಅಮೈಲೇಸ್ ಏರುತ್ತದೆ. ಮೂತ್ರಪಿಂಡಗಳು ದುರ್ಬಲವಾಗಿದ್ದರೆ ಮೂತ್ರದಲ್ಲಿ ಕಡಿಮೆ ಕಾಣಬಹುದು. ಆದಕಾರಣ ವೈದ್ಯರು ಇಂದು ರಕ್ತದ ಲೈಪೇಸನ್ನು ಹೆಚ್ಚಾಗಿ ನೆಚ್ಚುತ್ತಾರೆ. ಸ್ಕ್ಯಾನಿಂಗ್ ಕೂಡ ಮಾಡಿಸುತ್ತಾರೆ.

ನಮ್ಮ ನೆರೆಯವರ ಪಿತ್ತಕೋಶದಲ್ಲಿ ಕಲ್ಲುಗಳಿದ್ದುವು. ಉರಿ ಶಮನವಾದ ಮೇಲೆ ಅದನ್ನು ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡರು. ಹುತ್ತರಿಯಂದು ಕದಿರು ತೆಗೆಯುವಾಗ ಅವರೂ ಗದ್ದೆಯಲ್ಲಿದ್ದರು.