ಗಾಲಿಯ ಮೇಲೊಂದು ಹಗುರ ಮನೆ

ಚನ್ನಗಿರಿ, ನ್ಯಾಮತಿ, ಹೊನ್ನಾಳಿಗಳಿಂದ ಹಿಡಿದು ಬಯಲುಸೀಮೆಯ ಜಗಳೂರಿನವರೆಗೂ, ಜಾತ್ರೆಗೆ ಹೊರಟ ಸಂಸಾರಗಳು ಹಿಂದೆ ಕಮಾನು ಗಾಡಿಯಲ್ಲಿಯೇ ರಾತ್ರಿ ಕಳೆಯುತ್ತಿದ್ದವು. ಮೇಲೆ ಬಿದಿರಿನ ಚಾಪೆ, ಕೆಳಗೆ ಹುಲ್ಲಿನ ಮೆತ್ತೆ, ಅದರ ಮೇಲೊಂದು ಜಮಖಾನ. ಎತ್ತಿಗೆ ಭಾರವಾಗಬಾರದು, ಮಲಗಿದ ಮಗುವಿಗೆ ಚಳಿ ತಟ್ಟಬಾರದು. ಇವೆರಡೇ ಗಾಡಿ ಕಟ್ಟುವವನ ಚಿಂತೆ. ಹುಲ್ಲಿನ ಎಳೆಗಳ ನಡುವೆ ಸಿಕ್ಕಿದ ಗಾಳಿಯೇ ಚಳಿಯನ್ನು ತಡೆಯುತ್ತಿತ್ತು.

ಇಂದು ಕಾರಿನ ಹಿಂದೆ ಎಳೆದೊಯ್ಯುವ ಮನೆಯನ್ನು ಸ್ವತಃ ಕಟ್ಟಿಕೊಳ್ಳುವವರು ನೆಚ್ಚುವುದೂ ಅದೇ ಗಾಳಿಯನ್ನು. ಥರ್ಮೋಕೋಲಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಗಾಳಿಯೇ. ಅದರ ದಪ್ಪ ಹಲಗೆಯನ್ನು ಎರಡು ತೆಳು ಪ್ಲೈವುಡ್ಡುಗಳ ನಡುವೆ ಅಂಟಿಸಿದರೆ ಗೋಡೆ ಗಟ್ಟಿಯೂ ಹೌದು, ಹಗುರವೂ ಹೌದು.

ಆದರೆ ಹುಲ್ಲಿನಂತೆ ಇದಕ್ಕೂ ಬೆಂಕಿಯೇ ಶತ್ರು. ಹೊತ್ತಿಕೊಂಡರೆ ವಿಷದ ಹೊಗೆ. ಅಂದಿನ ಅಜ್ಜಿಯರು ಗಾಡಿಯಿಂದಿಳಿದು ಬಯಲಿನಲ್ಲಿಯೇ ಒಲೆ ಹೂಡುತ್ತಿದ್ದರು. ಆ ವಿವೇಕವನ್ನು ಮರೆತರೆ ಹಗುರ ಮನೆಗೆ ತೆರುವ ಬೆಲೆ ಭಾರವಾದೀತು.