ಮೊಬೈಲಿಗೆ ಬರುವ ‘ಎಪಿಕೆ’ ಕಡತ: ಸದಸ್ಯರು ತಿಳಿದಿರಬೇಕಾದ ವಿಷಯ



ಹಾಲಿನ ಬಟವಾಡೆ ಹಣ ಜಮಾ ಆಗುವ ಬ್ಯಾಂಕ್ ಖಾತೆಗೆ ತಮ್ಮ ಮೊಬೈಲ್ ನಂಬರು ಜೋಡಣೆಯಾಗಿರುತ್ತದೆ. ಆದ್ದರಿಂದ ಆ ಮೊಬೈಲಿಗೆ ಯಾವ ಆ್ಯಪ್ ಸೇರುತ್ತಿದೆ ಎಂಬುದರ ಬಗ್ಗೆ ಎಚ್ಚರ ಅಗತ್ಯ.

ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ಗಳು ‘ಎಪಿಕೆ’ ಎಂಬ ಕಡತದ ರೂಪದಲ್ಲಿ ಸ್ಥಾಪನೆಯಾಗುತ್ತವೆ. ಇದೊಂದು ಕಟ್ಟು. ಆ್ಯಪ್ ನಡೆಸುವ ಸೂಚನೆಗಳು, ಚಿತ್ರಗಳು, ಅದು ಕೇಳುವ ಅನುಮತಿಗಳ ಪಟ್ಟಿ ಹಾಗೂ ತಯಾರಕರ ಡಿಜಿಟಲ್ ಸಹಿ ಇದರೊಳಗಿರುತ್ತವೆ.

ಹೊಸ ಆವೃತ್ತಿ ಬಂದಾಗ ಫೋನು ಈ ಸಹಿಯನ್ನು ತಾಳೆ ನೋಡುತ್ತದೆ. ಸಹಿ ಬೇರೆಯಾದರೆ ಹಳೆಯ ಆ್ಯಪ್ ಜಾಗಕ್ಕೆ ಅದನ್ನು ಸೇರಿಸುವುದಿಲ್ಲ. ಆದರೆ ಹೊಸದೊಂದು ಆ್ಯಪ್‌ಗೆ ಯಾರು ಬೇಕಾದರೂ ತಮ್ಮದೇ ಸಹಿ ಹಾಕಬಹುದು. ಟ್ಯಾಂಕರಿಗೆ ಸೀಲ್ ಇದ್ದ ಮಾತ್ರಕ್ಕೆ ಒಳಗಿನ ಹಾಲು ಶುದ್ಧವೆನ್ನಲಾಗದು; ಪರೀಕ್ಷೆ ಆಗಲೇಬೇಕು. ಇಲ್ಲಿಯೂ ಹಾಗೆಯೇ.

ಪ್ಲೇ ಸ್ಟೋರಿಗೆ ಬರುವ ಆ್ಯಪ್‌ಗಳನ್ನು ಗೂಗಲ್ ಸಂಸ್ಥೆ ಪರಿಶೀಲಿಸುತ್ತದೆ. 2021ರ ಆಗಸ್ಟ್‌ನಿಂದ ತಯಾರಕರು ಹೊಸ ಆ್ಯಪ್‌ಗಳನ್ನು ಅಲ್ಲಿಗೆ ‘ಎಎಬಿ’ ಎಂಬ ರೂಪದಲ್ಲಿ ಸಲ್ಲಿಸಬೇಕಾಗಿದೆ. ಅದರಿಂದ ಆಯಾ ಫೋನಿಗೆ ಬೇಕಾದಷ್ಟನ್ನೇ ತೆಗೆದು ಎಪಿಕೆ ಸಿದ್ಧಪಡಿಸಿ ಕಳುಹಿಸಲಾಗುತ್ತದೆ. ಇದರಿಂದ ಡೇಟಾ ಉಳಿತಾಯವಾಗುತ್ತದೆ. ಐಫೋನಿನ ಆ್ಯಪ್ ಕಡತಕ್ಕೆ ‘ಐಪಿಎ’ ಎನ್ನುತ್ತಾರೆ.

ವಾಟ್ಸಾಪ್‌ನಲ್ಲಿ ನೇರವಾಗಿ ಬರುವ ಎಪಿಕೆಗೆ ಇಂತಹ ಪರಿಶೀಲನೆ ಆಗಿರುವುದಿಲ್ಲ. ಮದುವೆ ಕರೆಯೋಲೆ ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಬರುತ್ತದೆಯೇ ಹೊರತು ಎಪಿಕೆ ಆಗಿ ಅಲ್ಲ. ಕರೆಯೋಲೆ ಹೆಸರಿನ ಇಂತಹ ಕಡತಗಳ ಬಗ್ಗೆ 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಕೆ ನೀಡಿದ್ದರು. ಸರ್ಕಾರಿ ಯೋಜನೆ, ಬ್ಯಾಂಕ್ ಕೆವೈಸಿ ಹೆಸರಿನಲ್ಲಿಯೂ ಇವು ಬರುತ್ತವೆ. ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿ ವಂಚಕರ ಕೈ ಸೇರಬಹುದು.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಕಡತದ ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ಎ, ಪಿ, ಕೆ ಅಕ್ಷರಗಳಿದ್ದರೆ ಒತ್ತಬೇಡಿ. ಪರಿಚಯದವರ ನಂಬರಿನಿಂದ ಬಂದಿದ್ದರೂ ಮೊದಲು ಫೋನ್ ಮಾಡಿ ಕೇಳಿರಿ; ಅವರ ವಾಟ್ಸಾಪ್ ವಂಚಕರ ವಶವಾಗಿರಬಹುದು.

2. ‘ಅಪರಿಚಿತ ಆ್ಯಪ್’ ಸ್ಥಾಪಿಸಲು ಫೋನು ಅನುಮತಿ ಕೇಳಿದರೆ ಕೊಡಬೇಡಿ.

3. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರಿನಿಂದಲೇ ಪಡೆಯಿರಿ. ಅಲ್ಲಿಯೂ ತಯಾರಕರ ಹೆಸರು ನೋಡಿರಿ.

4. ತಪ್ಪಿ ಸ್ಥಾಪನೆಯಾಗಿದ್ದರೆ ಇಂಟರ್ನೆಟ್ ನಿಲ್ಲಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿರಿ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿರಿ.

ಮೊಬೈಲ್ ಬಳಸುವ ಮನೆಮಂದಿಗೆಲ್ಲ ಈ ವಿಷಯ ತಿಳಿಸಬೇಕೆಂದು ಕೋರಲಾಗಿದೆ.